ಹುಲೆಪ್ಪನ ಕಣ್ಣಿನ ಎಳೆ

ಎಲ್ಲಾ ಶುರುವಾದದ್ದು ಒಂದು ಬಟ್ಟಲು ಮೊಸರಿನಿಂದ.

ಸೋಮವಾರ ಮುಂಜಾನೆ ಬನಹಟ್ಟಿಯ ಹುಲೆಪ್ಪ ರೊಟ್ಟಿ ಮುರಿದು ಮೊಸರಿಗೆ ಅದ್ದಬೇಕು ಅನ್ನುವಷ್ಟರಲ್ಲಿ ಬಟ್ಟಲಿನ ನಟ್ಟನಡುವೆ ಒಂದು ಇರುವೆ ಕಂಡಿತು. ಬೆರಳಿನಿಂದ ತೆಗೆಯಲು ಹೋದ. ಇರುವೆ ದಂಡೆಗೆ ಸರಿಯಿತು. ದಂಡೆಗೆ ಬೆರಳು ಒಯ್ದ. ಅದು ಬಟ್ಟಲು ಬಿಟ್ಟು ರೊಟ್ಟಿಯ ಮೇಲೆ ಬಂತು. ರೊಟ್ಟಿ ಜಾಡಿಸಿದ. ಅದು ಸುಣ್ಣದ ಗೋಡೆ ಏರಿತು. ಕಿಟಕಿಯಾಚೆ ನೋಡಿದರೆ, ಒಂದು ತುಂಡು ನೂಲನ್ನು ಬಾಲಕ್ಕೆ ಕಟ್ಟಿಕೊಂಡು ಆಕಾಶದಲ್ಲಿ ಹದ್ದಿನಂತೆ ತೇಲುತ್ತಿತ್ತು.

"ಮೊಸರಾಗ ಇರುವಿ ಬಿದ್ದಿತ್ತು. ಈಗ ಹಾರಿ ಹೋತು," ಅಂದ.

ಹೆಂಡತಿ ಕೆಂಪವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಮೂವತ್ತೈದ ವರ್ಸದಾಗ ನನ್ನ ಮೊಸರಾಗ ಇರುವಿ ಬಿದ್ದಿಲ್ಲ. ಬಿದ್ದ ಇರುವಿ ಹಾರಿದ್ದಂತೂ ಯಾರೂ ಕೇಳಿಲ್ಲ. ಮೊಸರು ಬ್ಯಾಡಾಗಿದ್ದರ ಬ್ಯಾಡಂತ ಹೇಳ್ರಿ."

"ಅಲ್ಲಬೇ, ಈಗ ನಿನ್ನ ಹಣಿ ಮ್ಯಾಲ ಐತಿ."

ಕೆಂಪವ್ವ ಹಣೆ ಒರೆಸಿಕೊಂಡಳು. ಹಿಟ್ಟು ಹತ್ತಿತು. ಇರುವೆ ಹೋಗಲಿಲ್ಲ.

ಪಕ್ಕದ ಮನೆಗೂ ಇವರ ಮನೆಗೂ ನಡುವಿನ ಗೋಡೆ ಎದೆಮಟ್ಟದ್ದು. ಅದರ ಮೇಲೆ ಗುರುಬಸವ್ವನ ತಲೆ ದಿನಕ್ಕೆ ಹತ್ತು ಸಲ ಚಂದ್ರನಂತೆ ಮೂಡುತ್ತಿತ್ತು. ಈಗಲೂ ಮೂಡಿತು.

"ಕಣ್ಣಾಗ ಕೂದಲಾ ಹೊಕ್ಕೈತಿ, ಹುಲೆಪ್ಪಾ. ಉಳ್ಳಾಗಡ್ಡಿ ರಸ ಎರಡ ಹನಿ ಬಿಡು. ಅಳಕೋತ ಹೊರಗ ಬರತೈತಿ."

ರಸ ಬಿಟ್ಟರು. ಅಳುತ್ತಾ ಹೊರಗೆ ಬಂದವನು ಹುಲೆಪ್ಪ. ಕೂದಲು ಒಳಗೇ ಉಳಿಯಿತು.

ಬೇರೆ ಯಾರ ಕಣ್ಣೇ ಆಗಿದ್ದರೂ ಇಷ್ಟು ಚಿಂತೆ ಇರಲಿಲ್ಲ. ಹುಲೆಪ್ಪನ ಅನ್ನವೇ ಕಣ್ಣು. ಗಿರಿಮಲ್ಲಪ್ಪ ಸಾವುಕಾರರ ಸೀರೆ ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಒಂದು ಬಿದಿರಿನ ಗಳ ಕಟ್ಟಿತ್ತು. ಓಣಿ ಓಣಿಯ ಮಗ್ಗಗಳಿಂದ ಬಂದ ಸೀರೆ ಆ ಗಳದ ಮೇಲೆ ಏರಬೇಕು. ಹಿಂದಿನಿಂದ ಬೆಳಕು ಬೀಳುವಾಗ ಹುಲೆಪ್ಪ ಅದನ್ನು ಮೊಳ ಮೊಳವಾಗಿ ಎಳೆದು ನೋಡಬೇಕು. ಎಳೆ ಹರಿದಿದ್ದರೆ, ಎಣ್ಣೆ ಕಲೆ ಇದ್ದರೆ, ಗಂಟು ಇದ್ದರೆ ಅಲ್ಲಿ ಸೀಮೆಸುಣ್ಣದಿಂದ ಒಂದು ಸುತ್ತು. ಸುತ್ತು ಬಿದ್ದ ಸೀರೆ ಬಂದ ದಾರಿ ಹಿಡಿದು ನೇಕಾರನ ಮನೆಗೆ. ಓಣಿಗಳಲ್ಲಿ ಕೈಮಗ್ಗದ ಸಪ್ಪಳ ಹೋಗಿ ಪವರ್‌ಲೂಮಿನ ಸಪ್ಪಳ ಬಂತು, ಸಾವುಕಾರರ ತಂದೆ ಹೋಗಿ ಸಾವುಕಾರರು ಬಂದರು. ಗಳದ ಹತ್ತಿರ ಮಾತ್ರ ಇಪ್ಪತ್ತಾರು ವರ್ಷದಿಂದ ಹುಲೆಪ್ಪನೇ. ಆ ಅಂಗಡಿಯಲ್ಲಿ ಗಳದ ಹತ್ತಿರ ನಿಂತವನಿಗೆ ಚಹಾ ಬರುತ್ತದೆ. ಉಳಿದವರು ಚಹಾ ತರುತ್ತಾರೆ. ಈ ವ್ಯತ್ಯಾಸ ಹುಲೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

"ಯಾರ ಮುಂದೂ ಅನಬ್ಯಾಡ," ಎಂದು ಕೆಂಪವ್ವನಿಗೆ ಹೇಳಿ ಹೊರಬಿದ್ದ. ಗೋಡೆಯ ಮೇಲಿನ ಚಂದ್ರ ಆಗಲೇ ಮುಳುಗಿ, ಆಚೆ ಓಣಿಯಲ್ಲಿ ಮೂಡಿದ್ದು ಅವನಿಗೆ ತಿಳಿಯಲಿಲ್ಲ.

ಅಂಗಡಿಯಲ್ಲಿ ಅವತ್ತು ಗಡಿಬಿಡಿ. ಮುಧೋಳದ ಮುತ್ತವ್ವ ಮೊಮ್ಮಗಳ ಮದುವೆಗೆ ಅರವತ್ತು ಆಯೇರಿ ಸೀರೆ ಒಯ್ಯಲು ಐದು ಗಂಟೆಗೆ ಬರುವವಳಿದ್ದಳು. ಆಯೇರಿ ಸೀರೆ ಅಂದರೆ ಉಡುವ ಸೀರೆಯಲ್ಲ, ಕೊಡುವ ಸೀರೆ. ತೆಗೆದುಕೊಂಡ ಬೀಗರು ಅದನ್ನು ಬಿಚ್ಚಿ ತಪ್ಪು ಹುಡುಕುತ್ತಾರೆ. ಸಿಕ್ಕರೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಸಿಗದಿದ್ದರೆ ಮಡಿಚಿಟ್ಟು ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಕೊಡುತ್ತಾರೆ. ಆದ್ದರಿಂದ ಉಡುವ ಸೀರೆಗಿಂತ ಕೊಡುವ ಸೀರೆಯಲ್ಲಿ ಹೆಚ್ಚು ಎಚ್ಚರ ಬೇಕು.

ಹುಲೆಪ್ಪ ಮೊದಲ ಸೀರೆ ಗಳಕ್ಕೆ ಏರಿಸಿದ. ಅಂಚಿನ ಕೆಳಗೆ ಒಂದು ಎಳೆ ಹರಿದಿತ್ತು. ಸುತ್ತು ಹಾಕಿದ. ಎರಡನೆಯದರಲ್ಲೂ ಅಲ್ಲೇ. ಮೂರನೆಯದರಲ್ಲೂ ಅಲ್ಲೇ. ಹನ್ನೊಂದನೆಯ ಸೀರೆಗೆ ಸುತ್ತು ಬೀಳುವಾಗ ಸಾವುಕಾರರು ಗಾದಿ ಬಿಟ್ಟು ಎದ್ದು ಬಂದರು. ಚಸ್ಮಾ ಏರಿಸಿ ನೋಡಿದರು, ಇಳಿಸಿ ನೋಡಿದರು. ಆಳಿಗೆ ಕಂಡದ್ದು ಮಾಲಕನಿಗೆ ಕಾಣುವುದಿಲ್ಲ ಅಂದರೆ ಹೇಗೆ?

"ಹೌದಲೇ, ಐತಿ," ಅಂದರು. "ಇವು ಲಗಮಪ್ಪನ ಮನಿ ಸೀರಿ ಅಲ್ಲೇನು? ಕರೀರಿ ಅವನ್ನ."

ಮನೆಯಲ್ಲಿ ಎರಡು ಮಗ್ಗ ಇಟ್ಟುಕೊಂಡಿದ್ದ ಲಗಮಪ್ಪ ಮೈಯೆಲ್ಲ ಹತ್ತಿಯ ಧೂಳಿನಲ್ಲೇ ಓಡಿ ಬಂದ. ಸಾವುಕಾರರ ಮುಖ ನೋಡಿದ. ಆಮೇಲೆ ಸೀರೆ ನೋಡಿದ. "ಐತ್ರಿ ಸಾವಕಾರ," ಅಂದ. ವಿನಯ ಇನ್ನೂ ಸಾಲದು ಅನ್ನಿಸಿತೋ ಏನೋ, "ನನಗ ಎರಡ ಕಾಣಾಕತ್ತಾವ್ರಿ," ಎಂದೂ ಸೇರಿಸಿದ.

ಅವನ ಹಿಂದೆಯೇ ಸೆರಗು ಸಿಕ್ಕಿಸಿಕೊಂಡು ಹೆಂಡತಿ ಹಾಲವ್ವ ಬಂದಳು. ಸೀರೆ ಹಿಡಿದು ಬೆಳಕಿಗೆ ತಿರುವಿದಳು.

"ಎಲ್ಲೈತಿ?"

ಮೂವರು ಗಂಡಸರು ಮೂರು ಕಡೆ ತೋರಿಸಿದರು.

"ಹುಲೆಪ್ಪಣ್ಣಾ, ನೀ ಬಟ್ಟ ಇಟ್ಟು ತೋರಸು. ಎಲ್ಲೈತಿ?"

ಹುಲೆಪ್ಪ ಬೆರಳು ಇಟ್ಟ. ಎಳೆ ತುಸು ಸರಿಯಿತು. ಬೆರಳೂ ಸರಿಯಿತು. ಎಳೆ ಅಂಚು ದಾಟಿತು, ಸೀರೆ ಬಿಟ್ಟಿತು, ಸಾವುಕಾರರ ಟೋಪಿ ಹತ್ತಿ ಇಳಿಯಿತು. ಬಿಡದೆ ಬೆನ್ನಟ್ಟಿದ ಹುಲೆಪ್ಪನ ಬೆರಳು ಕೊನೆಗೆ ನಿಂತದ್ದು ಹಾಲವ್ವನ ಮೂಗಿನ ತುದಿಯ ಎದುರು.

"ಈ ಮೂಗ ನೇದಾಕಿ ನಮ್ಮವ್ವ," ಅಂದಳು ಹಾಲವ್ವ. "ತಪ್ಪಿದ್ದರ ಆಕೀನ್ನ ಕೇಳ್ರಿ."

ಆ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಧರ್ಮರಾಜ ಕಾಣಿಸಿಕೊಂಡ. ಅವನು ಸರಕಾರಿ ದವಾಖಾನೆಯಲ್ಲಿ ಸಿಪಾಯಿಯಾಗಿದ್ದು ನಿವೃತ್ತನಾದವನು. ಓಣಿಯಲ್ಲಿ ಯಾರು ಸೀನಿದರೂ ಬಿಳಿ ಅಂಗಿ ತೊಟ್ಟು ಅವರನ್ನು ಡಾಕ್ಟರರ ಹತ್ತಿರ ಕರೆದೊಯ್ಯಲು ಸಿದ್ಧನಾಗಿರುತ್ತಿದ್ದ.

"ಮುಂಜಾನಿ ಮೊಸರಾಗೂ ಇರುವಿ ಕಂಡಿತ್ತಂತ. ಗುರುಬಸವ್ವ ಹೇಳಿದಳು," ಅಂದ. "ಕಣ್ಣಿಂದು ಭಾಳ ಕೆಟ್ಟ ರೋಗ. ನಡಿ, ಬಸ್ಸಿಗಿ ಹೊತ್ತಾತು."

"ನನಗ ಆಗಳೇ ಸಂಶೆ ಬಂದಿತ್ತು," ಅಂದರು ಸಾವುಕಾರರು.

"ನನಗೂ ಬಂದಿತ್ರಿ," ಅಂದ ಲಗಮಪ್ಪ.

ಸಾವುಕಾರರು ಹುಲೆಪ್ಪನ ಕಡೆ ತಿರುಗಿದರು. "ನೋಡು ಹುಲೆಪ್ಪಾ, ಜಮಖಂಡಿಗೆ ಹೋಗಿ ಕಣ್ಣು ತೋರಿಸ್ಕೊಂಡು ಬಾ. ಮುತ್ತವ್ವನ ಮುಂದ ನೀನ ನಿಂತು ಸೀರಿ ನೋಡಬೇಕು. ಆಕಿ ನಿನ್ನ ಹೆಸರಿನ ಮ್ಯಾಲ ಬರಾಕತ್ತಾಳ. ಇವತ್ತ ಒಂದ ತಪ್ಪಾದರೂ ನಾಳಿಂದ ನೀ ಗಳ ಬಿಟ್ಟು ಚಹಾದ ತಾಟು ಹಿಡಿ."

ಬಸ್ಸಿನಲ್ಲಿ ಧರ್ಮರಾಜ ಧೈರ್ಯ ತುಂಬಿದ. "ಅಂಜಬ್ಯಾಡ. ಈಗ ಎಲ್ಲಾ ಲೇಸರ್. ಹುಳಾ ಕಂಡಕೂಡಲೆ ಠುಸ್ ಅಂತ ಸುಡತಾರ. ಇಲ್ಲಾಂದ್ರ ಕಣ್ಣಾಗಿನ ಹಳೆ ನೀರು ತಗದು ಹೊಸಾ ನೀರು ತುಂಬತಾರ."

"ಯಾವ ನೀರು?"

"ಅದನ್ನ ಡಾಕ್ಟರು ನೋಡ್ಕೋತಾರ. ಹೊಳಿ ನೀರಂತೂ ಹಾಕೂದಿಲ್ಲ."

ಸುಡಿಸಿಕೊಳ್ಳುವುದೋ ತೋಡಿಸಿಕೊಳ್ಳುವುದೋ ಎಂದು ಹುಲೆಪ್ಪ ಜಮಖಂಡಿ ಬರುವ ತನಕ ಯೋಚಿಸಿದ. ಚಹಾದ ತಾಟು ನೆನಪಾದಾಗಲೆಲ್ಲ ಎರಡಕ್ಕೂ ಒಪ್ಪಿದ.

ಕಣ್ಣಿನ ಡಾಕ್ಟರು ಅಂಜನಾ ಸಣ್ಣ ವಯಸ್ಸಿನವರು, ಸಮಾಧಾನದವರು. ಹನಿ ಬಿಟ್ಟು ಅರ್ಧ ಗಂಟೆ ಕೂರಿಸಿ, ಕಣ್ಣಿನೊಳಗೆ ಬೆಳಕು ಹಾಯಿಸಿ ಮೂಲೆ ಮೂಲೆ ನೋಡಿದರು. ಮೊದಲು ಉಳ್ಳಾಗಡ್ಡಿ ರಸಕ್ಕೆ ಬೈದರು. ಆಮೇಲೆ ಕೇಳಿದರು:

"ನೀವು ನೂಲಿಗೆ ಗಂಜಿ ಹಾಕತೀರಲ್ರಿ? ಕಣ್ಣಿನ ಒಳಗೂ ಅಂಥಾದ್ದ ಒಂದು ಗಂಜಿ ಇರತೈತಿ. ವಯಸ್ಸಾದಂಗ ಅದು ನೀರ ಒಡೀತೈತಿ. ಅದರಾಗಿನ ಸಣ್ಣ ಗಂಟು, ಎಳಿ ತೇಲಾಡತಾವು. ಅವುಗಳ ನೆರಳು ನಿಮಗ ಕಾಣತೈತಿ. ಕಣ್ಣಿನ ಹಿಂದಿನ ಪರದೆ ಗಟ್ಟಿ ಐತಿ. ಏನೂ ಅಂಜಿಕಿ ಇಲ್ಲ."

"ಔಷಧ?" ಅಂದ ಧರ್ಮರಾಜ.

"ಬೇಕಾಗಿಲ್ಲ."

"ಒಂದು ಇಂಜೆಕ್ಷನ್ ಆದ್ರೂ?"

"ಯಾತಕ್ರಿ?"

"ಇಷ್ಟ ದೂರ ಬಂದೇವಲ್ರೀ ಡಾಕ್ಟರ ಬಾಯಾರ!"

ಹುಲೆಪ್ಪ ಮೆಲ್ಲಗೆ ಲೇಸರಿನ ಮಾತು, ನೀರಿನ ಮಾತು ತೆಗೆದ. ಡಾಕ್ಟರು ಖುರ್ಚಿ ಮುಂದಕ್ಕೆ ಎಳೆದುಕೊಂಡರು. "ಅವೂ ಅದಾವ್ರಿ. ಭಾಳ ತ್ರಾಸ ಇದ್ದವರಿಗೆ ಮಾಡತಾರ. ಆದ್ರ ನೀರು ತಗದ್ರ ಮುಂದ ಪೊರೆ ಬರಬಹುದು, ಪರದೆ ಹರೀಬಹುದು. ಇಷ್ಟ ಸಣ್ಣ ಎಳಿಗೆ ಅದು ಬ್ಯಾಡ ಅಂತ ನನ್ನ ಮಾತು. ಲಕ್ಷ್ಯ ಕೊಡಬ್ಯಾಡ್ರಿ. ಕೆಲವು ತಿಂಗಳದಾಗ ಮನಸ್ಸ ಅದನ್ನ ಮರೀತೈತಿ. ಒಮ್ಮೆಲೆ ಭಾಳ ಹೆಚ್ಚಾದ್ರ, ಮಿಂಚು ಹೊಡದಂಗಾದ್ರ, ಕಣ್ಣ ಮುಂದ ಪರದೆ ಇಳದಂಗಾದ್ರ ಮಾತ್ರ ಆ ಗಳಿಗ್ಯಾಗ ಓಡಿ ಬರ್ರಿ."

ಒಂದು ಎಳೆ ತಪ್ಪಿತೆಂದು ಮಗ್ಗಕ್ಕೆ ಹೂಡಿದ ಇಡೀ ಹಾಸು ಕಿತ್ತು ಹಾಕಿದ ನೇಕಾರನನ್ನು ಹುಲೆಪ್ಪ ಕಂಡಿರಲಿಲ್ಲ. ಡಾಕ್ಟರ ಮಾತು ಅವನಿಗೆ ಒಪ್ಪಿಗೆಯಾಯಿತು. ಆದರೂ ಒಂದು ಉಳಿದಿತ್ತು.

"ಬಾಯಾರ, ಯಾವುದು ನಂದು, ಯಾವುದು ಸೀರಿದು ಅಂತ ಹ್ಯಾಂಗ ತಿಳೀಬೇಕ್ರಿ?"

"ಕಣ್ಣ ಅತ್ತಿತ್ತ ಆಡಸ್ರಿ. ಕಣ್ಣಿನ ಕೂಡ ಓಡಿದ್ದು ನಿಮ್ಮದು. ನಿಂತಲ್ಲೇ ನಿಂತದ್ದು ಸೀರಿದು."

ಹುಲೆಪ್ಪ ಕೈ ಮುಗಿದ. ಇಪ್ಪತ್ತಾರು ವರ್ಷದ ಅನ್ನ ಒಂದೇ ಮಾತಿನಲ್ಲಿ ತಿರುಗಿ ಸಿಕ್ಕಿತ್ತು. ಅದೇ ಸಂತೋಷದಲ್ಲಿ, "ಹನಿ ಬಿಟ್ಟೇವಿ, ಸಂಜಿತನಾ ಹತ್ತಿರದ್ದು ಮಸುಕು ಕಾಣತೈತಿ. ಇವತ್ತ ಸೀರಿ ನೋಡಬ್ಯಾಡ್ರಿ," ಎಂದು ಡಾಕ್ಟರು ಹಿಂದಿನಿಂದ ಹೇಳಿದ್ದು ಅವನ ಕಿವಿಯ ಬಾಗಿಲ ತನಕ ಬಂದು ಹಿಂದಕ್ಕೆ ಹೋಯಿತು.

ತಿರುಗಿ ಬರುವ ಬಸ್ಸಿನಲ್ಲಿ ಧರ್ಮರಾಜ ಕುದಿಯುತ್ತಿದ್ದ. "ಔಷಧ ಕೊಡದಾಕಿ ಎಂಥಾ ಡಾಕ್ಟರ್ಲೇ?" ಎಂದು ಮುಂದಿನ ಸೀಟಿನವರಿಗೆ ಹೇಳಿದ, ಹಿಂದಿನ ಸೀಟಿನವರಿಗೂ ಹೇಳಿದ. ಗುಳಿಗೆ ಇಲ್ಲ, ಹನಿ ಇಲ್ಲ, ಇಂಜೆಕ್ಷನ್ ಇಲ್ಲ ಅಂದಾಗ ಒಬ್ಬಾಕೆ ಬಾಯಿಗೆ ಸೆರಗು ಹಿಡಿದಳು. "ಹಂಗಾರ ಭಾಳ ಮುಂದ ಹೋಗಿರಬೇಕು. ಕೈ ಬಿಟ್ಟಾರ ಪಾಪ." ಬನಹಟ್ಟಿ ಬರುವಷ್ಟರಲ್ಲಿ ಅರ್ಧ ಬಸ್ಸು ಹುಲೆಪ್ಪನಿಗೆ ಸಮಾಧಾನ ಹೇಳಿತ್ತು. ಕಂಡಕ್ಟರು ಕೈ ಹಿಡಿದು ಇಳಿಸಿದ.

ನಾಲ್ಕು ಗಂಟೆಗೆ ಹುಲೆಪ್ಪ ದವಾಖಾನೆಯಲ್ಲಿ ಕೊಟ್ಟ ಕರಿ ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದರೆ ಮುತ್ತವ್ವ ಆಗಲೇ ಗಾದಿಯ ಮೇಲೆ ಕೂತಿದ್ದಳು. ಎಪ್ಪತ್ತರ ದೊಡ್ಡ ಮನೆಯ ಹೆಂಗಸು, ಕೊರಳಲ್ಲಿ ಬಂಗಾರದ ಸರ, ಕೈಯಲ್ಲಿ ಅಡಿಕೆ ಕತ್ತರಿಸುವ ಅಡಕೊತ್ತು. ಹಾಲವ್ವನೂ ಲಗಮಪ್ಪನೂ ಸೀಮೆಸುಣ್ಣದ ಸುತ್ತು ಝಾಡಿಸಿದ ತಮ್ಮ ಹನ್ನೊಂದು ಸೀರೆಗಳ ಪಕ್ಕ ನಿಂತಿದ್ದರು.

"ಏನಂದರು?" ಎಂದು ಸಾವುಕಾರರು ಪಿಸುಗುಟ್ಟಿದರು.

"ಗುರ್ತಾ ಹೇಳಿಕೊಟ್ಟಾರ್ರಿ. ಓಡಿದ್ದು ನಂದು, ನಿಂತದ್ದು ಸೀರಿದು."

ಕನ್ನಡಕ ಕಿಸೆಗೆ ಹಾಕಿ ಗಳದ ಹತ್ತಿರ ನಿಂತ. ಬೆಳಕು ಕಣ್ಣಿಗೆ ಚುಚ್ಚಿತು. ಸೀರೆ ಒಂದಿಷ್ಟು ಮಂಜು ಮಂಜಾಗಿತ್ತು. ಆದರೆ ಗುರುತು ಗಟ್ಟಿಯಾಗಿತ್ತು. ಎಳೆ ಕಂಡಿತು, ಕಣ್ಣು ಬಲಕ್ಕೆ ಹೊರಳಿಸಿದ, ಎಳೆಯೂ ಹೊರಳಿತು. "ನಂದು!" ಅಂದ. ಸೀರೆ ಪಾಸಾಯಿತು. ಅವನ ಕೈ ಮಗ್ಗದ ಲಾಳಿಯಂತೆ ಓಡಿತು. ನಂದು, ನಂದು, ನಂದು. ಒಂದು ಸುತ್ತೂ ಬೀಳದೆ ಐವತ್ತೊಂಬತ್ತು ಸೀರೆ ದಾಟಿದವು. ಸಾವುಕಾರರ ಮುಖ ಅರಳುತ್ತಾ ಹೋಯಿತು.

ಅರವತ್ತನೆಯದು ಗಿಳಿ ಹಸಿರು ಸೀರೆ. ಗಳಕ್ಕೆ ಏರಿಸುತ್ತಿದ್ದಂತೆ ಅಂಚಿನ ಹತ್ತಿರ ಬೆರಳುದ್ದದ ಬೂದು ಗೆರೆಯೊಂದು ಕಂಡಿತು. ಹುಲೆಪ್ಪ ಕಣ್ಣು ಬಲಕ್ಕೆ ಆಡಿಸಿದ. ಗೆರೆ ಬಲಕ್ಕೆ ಓಡಿತು. ಎಡಕ್ಕೆ ಆಡಿಸಿದ. ತುಸು ತಡೆದು ಎಡಕ್ಕೂ ಓಡಿತು. "ನಂದು," ಅಂದ.

ಸಾವುಕಾರರು ಬಗ್ಗಿ ನೋಡಿದರು. "ಹುಲೆಪ್ಪಾ, ನಿನ್ನ ಕಣ್ಣಾಗಿಂದು ನನಗ ಹ್ಯಾಂಗ ಕಾಣಾಕತ್ತೈತಿ?"

"ವಯಸ್ಸು ಎಷ್ಟಾತ್ರಿ ನಿಮಗ?"

"ಅರವತ್ತೆರಡು."

"ಹಂಗಾರ ನಿಮಗೂ ಬಂದೈತ್ರಿ," ಅಂದ ಹುಲೆಪ್ಪ ಕರುಣೆಯಿಂದ. "ಅಂಜಬ್ಯಾಡ್ರಿ. ಒಳಗಿನ ಗಂಜಿ ನೀರ ಒಡದಿರತೈತಿ, ಅಷ್ಟ."

ಸಾವುಕಾರರ ಮುಖ ಸೀಮೆಸುಣ್ಣವಾಯಿತು. "ನನಗೂ ಕಾಣಾಕತ್ತೈತ್ರಿ," ಎಂದು ಲಗಮಪ್ಪ ಸಾವುಕಾರರ ಹಿಂದೆ ನಿಂತ. ಮುತ್ತವ್ವ ಗಾದಿಯಿಂದಲೇ ಕತ್ತು ಚಾಚಿದಳು. "ನನಗೂ ಕಾಣತೈತಲ್ಲೋ ತಮ್ಮಾ."

"ಎಪ್ಪತ್ತಾತಲ್ರೀ ಅವ್ವಾರ, ಕಾಣಬೇಕಾದದ್ದ."

"ಹಲ್ಲಿ ಐತ್ರೀ ಅದು!" ಎಂದು ಕೂಗಿದಳು ಹಾಲವ್ವ.

ಎಲ್ಲರೂ ಅವಳನ್ನು ಮರುಕದಿಂದ ನೋಡಿದರು. "ಇಷ್ಟ ಸಣ್ಣಾಕಿಗೂ ಬಂದೈತಿ," ಅಂದಳು ಮುತ್ತವ್ವ.

"ಅಯ್ಯ, ನಾಕ ಕಾಲದಾವು! ಬಾಲ ಐತಿ!"

"ನಂದಕ್ಕೂ ಮುಂಜಾನಿ ಬಾಲ ಇತ್ತು, ತಂಗೀ," ಅಂದ ಹುಲೆಪ್ಪ. ಗೆರೆ ಮಡಿಕೆಯೊಳಗೆ ಹೋಯಿತು. ಅದು ಮರೆಯಾದದ್ದು ಡಾಕ್ಟರ ಮಾತಿನ ಗುಣ ಎಂದುಕೊಂಡು ಸೀರೆ ಮಡಿಚಿ, ಎರಡೂ ಕೈಯಿಂದ ಮುತ್ತವ್ವನ ಉಡಿಯಲ್ಲಿಟ್ಟ. "ಅರವತ್ತು ಮುಗದೂವ್ರಿ. ಒಂದ ಎಳಿ ತಪ್ಪಿಲ್ಲ."

ಮುತ್ತವ್ವ ಸೀರೆ ನೇವರಿಸಿದಳು. ಕೈ ನಿಂತಿತು.

"ತಮ್ಮಾ, ಅದು ಈಗ ನನ್ನ ತೋಳ ಮ್ಯಾಲ ಐತಿ."

"ಲಕ್ಷ್ಯ ಕೊಡಬ್ಯಾಡ್ರಿ. ಕೊಡದಿದ್ದರ ತಾನ ಹೋಗತೈತಿ."

ಮುತ್ತವ್ವ ಲಕ್ಷ್ಯ ಕೊಡದೆ ಗೋಡೆ ನೋಡುತ್ತಾ ನೆಟ್ಟಗೆ ಕೂತಳು.

"ಹತ್ತಾಕತ್ತೈತೋ."

"ಹತ್ತಲಿ ಬಿಡ್ರಿ."

"ತಣ್ಣಗ ಐತಲ್ಲೋ. ನಿನಗೂ ತಣ್ಣಗ ಆಗತೈತೇನು?"

ತಣ್ಣಗೆ ಅನ್ನುವುದನ್ನು ಡಾಕ್ಟರು ಹೇಳಿರಲಿಲ್ಲ.

ಆಗಲೇ ಹಲ್ಲಿ ಮುತ್ತವ್ವನ ಬಂಗಾರದ ಸರಕ್ಕೆ ತೊಡರಿತು. ಗಾಬರಿಯಾಗಿ ಬಾಲ ಕಳಚಿ ಉಡಿಗೆ ಕೆಡವಿ ತಾನು ತಲೆಗೆ ಏರಿತು. ಗಿಳಿ ಹಸಿರು ಸೀರೆಯ ಮೇಲೆ ಬಾಲ ತನ್ನಷ್ಟಕ್ಕೆ ಕುಣಿಯತೊಡಗಿತು. ಮುತ್ತವ್ವ ತಲೆ ಮುಟ್ಟಿಕೊಂಡಳು, ಉಡಿ ನೋಡಿಕೊಂಡಳು.

"ಎರಡಾದುವಲ್ಲೋ!" ಎಂದು ಹೊಡೆದ ಚೀರಿಗೆ ಓಣಿಯ ಮಗ್ಗಗಳೆಲ್ಲ ಒಂದು ಗಳಿಗೆ ನಿಂತವು ಎಂದು ಆಮೇಲೆ ಜನ ಹೇಳಿದರು. ಅಡಕೊತ್ತು ಒಂದು ಕಡೆ ಹಾರಿತು, ಗಳ ಒಂದು ಕಡೆ ಬಿತ್ತು. ಐವತ್ತೊಂಬತ್ತು ಸೀರೆಗಳ ರಾಶಿಯಲ್ಲಿ ಸಾವುಕಾರರು ಮುಳುಗಿ ಎದ್ದರು. ಹಾಲವ್ವ ಮಾತ್ರ ಮುಂದೆ ಬಂದು, ಸೆರಗಿನಲ್ಲಿ ಹಲ್ಲಿ ಹಿಡಿದು, ಹೊರಗೆ ಬಿಟ್ಟು, ಕೈ ಝಾಡಿಸಿಕೊಂಡಳು.

ಮುತ್ತವ್ವನ ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು. ಬಂದ ಮೇಲೆ ಹಾಲವ್ವನತ್ತ ಬೆರಳು ಮಾಡಿದಳು. "ಗಿರಿಮಲ್ಲಪ್ಪಾ, ನಿನ್ನ ಅಂಗಡ್ಯಾಗ ಕಣ್ಣಿದ್ದಾಕಿ ಈಕಿ ಒಬ್ಬಾಕಿ. ಈಕಿ ನೋಡಿ ಕೊಟ್ಟದ್ದಷ್ಟ ಒಯ್ತೇನಿ. ಇಲ್ಲಾಂದ್ರ ಬ್ಯಾರೆ ಅಂಗಡಿ ಅದಾವು."

ಗಳ ಮತ್ತೆ ಕಟ್ಟಿದರು. ಹಾಲವ್ವ ಸೀರೆ ಏರಿಸಿದಳು. ಹುಲೆಪ್ಪ ಮಂಜಿನಲ್ಲಿ ದಾಟಿಸಿದ್ದ ಐದು ತಪ್ಪು ಹೆಕ್ಕಿದಳು. ಅದರಲ್ಲೊಂದು ತನ್ನ ಮನೆಯದೇ ಸೀರೆ.

"ಲೇ, ನಮ್ಮದ ಐತಲೇ ಅದು!" ಎಂದು ಲಗಮಪ್ಪ ಹಲ್ಲು ಕಚ್ಚಿದ.

"ಯಾರದಾದ್ರ ಏನು? ಎಣ್ಣಿ ಕಲಿ ಐತಿ," ಎಂದು ಸುತ್ತು ಹಾಕಿದಳು.

"ನಾಳಿಂದ ಹಾಲವ್ವ ಗಳದ ಹತ್ತರ ನಿಲ್ಲತಾಳ," ಅಂದರು ಸಾವುಕಾರರು. ಆಮೇಲೆ ತಿರುಗಿ, ಹೆಸರು ಕೂಡ ಹಿಡಿಯದೆ, "ಚಹಾ," ಅಂದರು.

ಹುಲೆಪ್ಪ ಮೂಲೆ ಅಂಗಡಿಯಿಂದ ತಾಟಿನಲ್ಲಿ ಚಹಾ ತಂದ. ಮೊದಲ ಕಪ್ಪು ಹಾಲವ್ವನಿಗೆ, ಗಳದ ಹತ್ತಿರ ನಿಂತವಳಿಗೆ. ಎರಡನೆಯದು ಮುತ್ತವ್ವನಿಗೆ. ಮೂರನೆಯದನ್ನು ಸಾವುಕಾರರ ಮುಂದೆ ಇಡುವಾಗ ಅದರಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಕಣ್ಣು ಬಲಕ್ಕೆ ಆಡಿಸಿದ. ಚುಕ್ಕೆ ಕಪ್ಪಿನ ಬಲದ ದಂಡೆಗೆ ಸರಿಯಿತು. ಈ ಸಲ ಅವನು "ನಂದು" ಎಂದು ಮನಸ್ಸಿನಲ್ಲೇ ಅಂದುಕೊಂಡ. ಜೋರಾಗಿ ಅನ್ನುವ ಧೈರ್ಯ ಇರಲಿಲ್ಲ. ಇಟ್ಟು ಹಿಂದೆ ಸರಿದ.

ಸಾವುಕಾರರು ಕಪ್ಪು ಎತ್ತಿದರು. ಒಳಗೆ ನೋಡಿದರು. ಚಸ್ಮಾ ಏರಿಸಿದರು, ಇಳಿಸಿದರು. ಆಮೇಲೆ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಕಣ್ಣು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಆಡಿಸಿದರು. ಚುಕ್ಕೆ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಈಜಿತು.

"ನಂದೂ ಖರೇನ ಚಾಲೂ ಆತು," ಎಂದು ದೊಡ್ಡ ನಿಟ್ಟುಸಿರು ಬಿಟ್ಟು, ಒಂದೇ ಗುಟುಕಿಗೆ ಕುಡಿದುಬಿಟ್ಟರು.

ಹಾಲವ್ವ ಗಳದ ಹತ್ತಿರದಿಂದ ಎಲ್ಲವನ್ನೂ ನೋಡಿದಳು. ಅವಳ ಕಣ್ಣಿಗೆ ಆ ಚುಕ್ಕೆಯ ರೆಕ್ಕೆಯೂ ಕಂಡಿತ್ತು, ಕಾಲೂ ಕಂಡಿತ್ತು. ಆದರೆ ಮುಂಜಾನೆ ಇಲ್ಲದ ಎಳೆಯನ್ನು "ಹೌದಲೇ, ಐತಿ" ಅಂದವರು ಯಾರೆಂಬುದೂ ನೆನಪಿತ್ತು. ಏನೂ ಹೇಳದೆ ಮುಂದಿನ ಸೀರೆ ಗಳಕ್ಕೆ ಏರಿಸಿದಳು.